ನಿಮಗಿದು ಗೊತ್ತೇ? ಆಫ್ರಿಕದ ಆನೆ ಬಂದೂಕು ಮತ್ತು ನಮ್ಮ ನೆಲದ ಕಾಯ್ದೆ

● ಆಳಂದ, ಅಫಜಲಪುರ, ಜೇವರ್ಗಿ ಕಡೆ ‘ಹನ್ನೆರಡು ಬೋರ್’ ಬಂದೂಕಿನ ಹೆಸರು ಕೇಳದವರು ಕಡಿಮೆ. ಈ ಹನ್ನೆರಡು ಎಲ್ಲಿಯದು? ಒಂದು ಪೌಂಡ್ ಸೀಸದಲ್ಲಿ ಒಂದೇ ತೂಕದ ಹನ್ನೆರಡು ಗುಂಡು ಎರಕ ಹೊಯ್ದರೆ, ಅದರಲ್ಲೊಂದು ಆ ನಳಿಗೆಗೆ ಸರಿಯಾಗಿ ಕೂರುತ್ತದೆ. ಅಂಕಿ ಇಳಿದಷ್ಟೂ ನಳಿಗೆ ಅಗಲ. ನಾಲ್ಕು ಬೋರಿನ ಗುಂಡು ಕಾಲು ಪೌಂಡ್, ಅಂದರೆ 113 ಗ್ರಾಂ!

● ಮೈಸೂರು ಸೀಮೆಯಲ್ಲಿ 1874ರಲ್ಲಿ ಖೆಡ್ಡಾ ನಡೆಸಿ ಆನೆ ಹಿಡಿದ ಜಿ.ಪಿ. ಸ್ಯಾಂಡರ್ಸನ್ ಆನೆ ಬೇಟೆಗೆ ಇಂಥ ನಾಲ್ಕು ಬೋರನ್ನೇ ಹೊತ್ತವರು. ಕರಿಮದ್ದಿನ ಕಾಲವದು. ಗುಂಡಿಗೆ ವೇಗವಿಲ್ಲ, ತೂಕವೇ ಬಲ.

● ಹೊಗೆಯಿಲ್ಲದ ಕಾರ್ಡೈಟ್ ಮದ್ದು ಗುಂಡಿಗೆ ವೇಗ ತಂದು ಈ ಲೆಕ್ಕವನ್ನೇ ಬುಡಮೇಲು ಮಾಡಿತು. 1898ರಲ್ಲಿ ರಿಗ್ಬಿ ಕಂಪನಿ ತಂದ .450 ನೈಟ್ರೊ ಎಕ್ಸ್‌ಪ್ರೆಸ್ ತೋಟೆಯ ಗುಂಡು ಬರೀ 31 ಗ್ರಾಂ. ಆನೆಗೂ ಕಾಡೆಮ್ಮೆಗೂ ಅದೇ ಸಾಕಾಯಿತು. (ರೈಫಲ್ಲಿನ ಈ ಅಂಕಿ ನಳಿಗೆಯ ಅಗಲ, ಇಂಚಿನ ಲೆಕ್ಕದಲ್ಲಿ.)

● ಆಫ್ರಿಕದ ಬೇಟೆಗಾರರು ಹೆಮ್ಮೆಯಿಂದ ಹೇಳುವ .470 ಹುಟ್ಟಿದ್ದು ಭಾರತದ ಭಯದಿಂದ! ಸರ್ಕಾರಿ ಸೈನ್ಯದ ಮಾರ್ಟಿನಿ-ಹೆನ್ರಿ ರೈಫಲ್ಲೂ .450 ಅಳತೆಯದೇ. ಕಳುವಾದ ಆ ರೈಫಲ್ಲುಗಳಿಗೆ ಬೇಟೆಯ ಗುಂಡು ಒದಗಿಬಿಟ್ಟರೆ ಬಂಡಾಯಗಾರರ ಕೈ ಬಲವಾದೀತೆಂದು ಬ್ರಿಟಿಷರು 20ನೇ ಶತಮಾನದ ಮೊದಲ ದಶಕದಲ್ಲಿ ಭಾರತ ಮತ್ತು ಸುಡಾನಿಗೆ .450 ತರುವುದನ್ನೇ ನಿಷೇಧಿಸಿದರು. ಇಂಗ್ಲೆಂಡಿನ ಬಂದೂಕು ಕಂಪನಿಗಳಿಗೆ ಭಾರತದ ಗಿರಾಕಿ ಬಿಡುವ ಮನಸ್ಸಿಲ್ಲ. ನಳಿಗೆಯನ್ನು ಕೂದಲೆಳೆಯಷ್ಟು ಹಿಗ್ಗಿಸಿ .465, .470, .475, .476 ಎಂದು ಸಾಲುಸಾಲಾಗಿ ಹೊರತಂದರು. ಭಾರತ ಬೇಡವೆಂದ .450 ಆಫ್ರಿಕದಲ್ಲೂ ಹಿಂದೆ ಬಿತ್ತು, .470 ಇವತ್ತಿಗೂ ಅಲ್ಲಿ ಸಿಡಿಯುತ್ತಿದೆ. 1857ರಲ್ಲಿ ಹತಾರು ಒಪ್ಪಿಸೆಂದ ಆಜ್ಞೆಗೆ ಹಲಗಲಿಯ ಬೇಡರು ತಿರುಗಿಬಿದ್ದ ನಾಡು ನಮ್ಮದು. ದೊರೆಗಳ ದಿಗಿಲಿಗೆ ಕಾರಣವಿತ್ತು.

● ತೇಜಸ್ವಿಯವರ ‘ಕಾಡಿನ ಕತೆಗಳು’ ಓದಿದವರಿಗೆ ಕೆನೆತ್ ಆಂಡರ್ಸನ್ ಗೊತ್ತು. ಬೆಂಗಳೂರಿನ ಈ ಬೇಟೆಗಾರರ ನೆಚ್ಚಿನದು .405 ವಿಂಚೆಸ್ಟರ್. 1909ರಲ್ಲಿ ಪೂರ್ವ ಆಫ್ರಿಕಕ್ಕೆ ಹೋದ ಥಿಯೋಡರ್ ರೂಸ್‌ವೆಲ್ಟ್ ಸಿಂಹಕ್ಕೆ ಗುರಿಯಿಟ್ಟದ್ದೂ ಅದರಿಂದಲೇ. ಆನೆಗೆ ಮಾತ್ರ ಅವರು ಬೇರೆಯೇ ಜೋಡುನಳಿಗೆ ಒಯ್ದಿದ್ದರು.

● ಆಫ್ರಿಕದಲ್ಲಿ ಡಬ್ಲ್ಯು.ಡಿ.ಎಂ. ಬೆಲ್ ಎಂಬ ಬೇಟೆಗಾರ ಬಹುಪಾಲು 7 ಮಿ.ಮೀ. ರೈಫಲ್ಲಿನಿಂದ ಸಾವಿರಕ್ಕೂ ಹೆಚ್ಚು ಆನೆ ಕೊಂದ. ಆನೆಯ ತಲೆಬುರುಡೆ ಸೀಳಿಸಿ, ಮಿದುಳು ಎಲ್ಲಿದೆಯೆಂದು ಕಲಿತಿದ್ದ. ಆ ಲೆಕ್ಕ ಓದಿದರೆ ನನಗೆ ಸಂಕಟವೇ ಆಗುತ್ತದೆ. ಅವನನ್ನು ನೋಡಿ ಸಣ್ಣ ರೈಫಲ್ ಹಿಡಿದವರು ಬಹಳಷ್ಟು ಪ್ರಾಣಿಗಳನ್ನು ಗಾಯಗೊಳಿಸಿ ನರಳಿಸಿದ್ದಾರು. ಈಗ ಆಫ್ರಿಕದ ಹಲವು ದೇಶಗಳಲ್ಲಿ ಆನೆ, ಕಾಡೆಮ್ಮೆಗೆ .375ಕ್ಕಿಂತ ಕಡಿಮೆಯದು ನಡೆಯುವುದಿಲ್ಲ. 1912ರ .375 ಹಾಲೆಂಡ್ ಅಂಡ್ ಹಾಲೆಂಡ್ ಅಲ್ಲಿನ ಕನಿಷ್ಠ ಅಳತೆ.

● ಆಫ್ರಿಕದ ಚೀತಾ ಭಾರತಕ್ಕೆ ಬಂದದ್ದು 2022ರಲ್ಲೇ ಮೊದಲಲ್ಲ. ಇಲ್ಲಿನ ಚೀತಾ ಅಳಿಯುತ್ತ ಬಂದಾಗ ಕೊಲ್ಹಾಪುರದಂಥ ಸಂಸ್ಥಾನಗಳು ಅಲ್ಲಿಂದ ತರಿಸಿ ಚಿಗರಿಯ ಮೇಲೆ ಛೂ ಬಿಡುತ್ತಿದ್ದವು.

● ಭೀಮಾ ತೀರದ ಜೋಳ, ತೊಗರಿ ಹೊಲಕ್ಕೆ ನುಗ್ಗುವ ಅದೇ ಚಿಗರಿ, ಅಂದರೆ ಕೃಷ್ಣಮೃಗ, 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಬೋರ್ ಯಾವುದೇ ಇರಲಿ, ಹೊಡೆದರೆ ಕನಿಷ್ಠ 3, ಗರಿಷ್ಠ 7 ವರ್ಷ ಜೈಲು. ಬೆಳೆ ಹಾಳಾದ ರೈತನ ಸಿಟ್ಟು ನ್ಯಾಯವಾದದ್ದೇ; ಅದಕ್ಕೆ ಅರಣ್ಯ ಇಲಾಖೆಯ ಪರಿಹಾರವಿದೆ, ಅರ್ಜಿ ಹಾಕಿ.