ಬೇರಿಗೂ ಉಸಿರು ಬೇಕು: ಏರುಮಡಿ ಮಾಡೋಣ ಬನ್ನಿ

ಮಕ್ಕಳೇ, ಮಳೆಗಾಲದಲ್ಲಿ ನಿಮ್ಮ ಮನೆಯ ಹಿತ್ತಿಲನ್ನು ಒಮ್ಮೆ ಗಮನಿಸಿ. ಎರಡು ದಿನ ಬಿಡದೆ ಮಳೆ ಸುರಿದರೆ ತಗ್ಗಿನಲ್ಲಿ ನೀರು ನಿಲ್ಲುತ್ತದೆ. ಅಲ್ಲಿ ನೆಟ್ಟ ಮೆಣಸಿನ ಸಸಿಯ ಎಲೆಗಳು ಬಾಡಿ ಜೋತುಬೀಳುತ್ತವೆ. ಬುಡದ ತುಂಬ ನೀರಿದೆ, ಆದರೂ ಗಿಡ ನೀರಿಲ್ಲದಂತೆ ಬಾಡಿದೆ! ಇದೇಕೆ ಹೀಗೆ?

ಈ ಪ್ರಶ್ನೆಗೆ ಉತ್ತರ ನನಗೂ ಪುಸ್ತಕದಿಂದ ಗೊತ್ತಿತ್ತು. ಆದರೆ ಅದು ಮನಸ್ಸಿಗೆ ನಾಟಿದ್ದು ಒಂದು ತಪ್ಪು ಮಾಡಿದ ಮೇಲೆ. ಕೆಲವು ವರ್ಷಗಳ ಹಿಂದೆ ಮಲೆನಾಡಿನ ಒಂದು ಶಾಲೆಗೆ ಜೂನ್ ತಿಂಗಳ ಆರಂಭದಲ್ಲಿ ಹೋಗಿದ್ದೆ. ಬಿಸಿಯೂಟದ ಸಾಂಬಾರಿಗೆ ತಾವೇ ಬೆಳೆದ ಬದನೆಕಾಯಿ ಹಾಕಬೇಕೆಂಬುದು ಅಲ್ಲಿಯ ಏಳನೆಯ ತರಗತಿಯವರ ಆಸೆ. ನಾನು ಹೇಳಿದಂತೆ ಅವರು ಶಾಲೆಯ ಹಿಂದಿನ ಸಮತಟ್ಟಾದ ಜಾಗವನ್ನು ಅಗೆದು, ಗೊಬ್ಬರ ಬೆರೆಸಿ, ಬೀಜ ಬಿತ್ತಿದರು. ಮೂರು ವಾರಗಳ ನಂತರ ಹೋಗಿ ನೋಡಿದರೆ ಮಡಿಯಲ್ಲಿ ಒಂದು ಸಸಿಯೂ ಇರಲಿಲ್ಲ. ಮೊಳೆತವೆಲ್ಲ ಬುಡದಲ್ಲಿ ನೂಲಿನಂತೆ ಸಣ್ಣಗಾಗಿ, ಮಗುಚಿಬಿದ್ದು ಕೊಳೆತಿದ್ದವು. "ಬೀಜವೇ ಸರಿಯಿಲ್ಲ ಸರ್" ಎಂದರು ಮಕ್ಕಳು.

ಆಗ ಒಬ್ಬ ಹುಡುಗಿ ನನ್ನನ್ನು ಮೂಲೆಗೆ ಕರೆದೊಯ್ದಳು. ಅಗೆಯುವಾಗ ಉಳಿದ ಮಣ್ಣನ್ನು ಅಲ್ಲಿ ಒಂದು ಗೇಣು ಎತ್ತರಕ್ಕೆ ಗುಡ್ಡೆ ಹಾಕಿದ್ದರು. ಬಿತ್ತುವಾಗ ಅದರ ಮೇಲೆ ಚೆಲ್ಲಿದ ಬೀಜಗಳಿಂದ ಏಳು ಸಸಿಗಳು ಎದ್ದು ನೆಟ್ಟಗೆ ನಿಂತಿದ್ದವು. ಅದೇ ಬೀಜ, ಅದೇ ಮಣ್ಣು, ಅದೇ ಮಳೆ. ವ್ಯತ್ಯಾಸ ಒಂದು ಗೇಣು ಎತ್ತರ ಮಾತ್ರ. ತಪ್ಪು ಬೀಜದ್ದಲ್ಲ, ನನ್ನದು.

ಹೀಗೆ ನೆಲಮಟ್ಟಕ್ಕಿಂತ ಎತ್ತರಿಸಿ ಮಾಡಿದ ಮಡಿಗೆ ಏರುಮಡಿ ಎನ್ನುತ್ತಾರೆ. ತರಕಾರಿ ಸಸಿಗಳನ್ನು ಬೆಳೆಸಲು ಮತ್ತು ಶುಂಠಿ ನೆಡಲು ನಮ್ಮ ರೈತರು ಏರುಮಡಿ ಮಾಡುವುದನ್ನು ನೀವು ನೋಡಿರಬಹುದು. ಅದರ ಹಿಂದಿನ ವಿಜ್ಞಾನವನ್ನು ಮೊದಲು ತಿಳಿಯೋಣ. ಆಮೇಲೆ ಮನೆಯಲ್ಲೇ ಒಂದು ಏರುಮಡಿ ಮಾಡೋಣ.

ಮಣ್ಣಿನೊಳಗೆ ಗಾಳಿ

ಒಂದು ಹಿಡಿ ಒಳ್ಳೆಯ ಮಣ್ಣಿನಲ್ಲಿ ಸುಮಾರು ಅರ್ಧ ಭಾಗ ಮಾತ್ರ ಮಣ್ಣಿನ ಕಣಗಳು ಮತ್ತು ಕೊಳೆತ ಸಸ್ಯಾಂಶ ಇರುತ್ತವೆ. ಉಳಿದ ಅರ್ಧ ಬರೀ ಸಂದುಗಳು! ಆ ಸಂದುಗಳಲ್ಲಿ ಸ್ವಲ್ಪ ಭಾಗ ನೀರು, ಸ್ವಲ್ಪ ಭಾಗ ಗಾಳಿ ಇದ್ದರೆ ಗಿಡಕ್ಕೆ ಹಿತ.

ಎಲೆಗಳಂತೆ ಬೇರುಗಳೂ ಉಸಿರಾಡುತ್ತವೆ. ಅವು ಸಂದುಗಳಲ್ಲಿರುವ ಆಕ್ಸಿಜನ್ ಬಳಸಿ, ಕಾರ್ಬನ್ ಡೈಆಕ್ಸೈಡನ್ನು ಹೊರಬಿಡುತ್ತವೆ. ಈ ಉಸಿರಾಟದಿಂದ ದೊರೆತ ಶಕ್ತಿಯಿಂದಲೇ ಬೇರು ಬೆಳೆಯುತ್ತದೆ, ಲವಣಗಳನ್ನು ಹೀರುತ್ತದೆ. ಮಳೆ ನೀರು ಎಲ್ಲ ಸಂದುಗಳನ್ನೂ ತುಂಬಿದರೆ ಗಾಳಿಗೆ ಜಾಗ ಉಳಿಯುವುದಿಲ್ಲ. ನೀರಿನ ಮೂಲಕ ಆಕ್ಸಿಜನ್ ಹರಡುವ ವೇಗ ಗಾಳಿಯಲ್ಲಿ ಹರಡುವ ವೇಗದ ಸುಮಾರು 10,000ದಲ್ಲಿ ಒಂದು ಪಾಲು ಮಾತ್ರ. ಹೀಗಾಗಿ ಬೇರು ಉಸಿರುಕಟ್ಟಿ ದುರ್ಬಲವಾಗುತ್ತದೆ, ನೀರನ್ನು ಹೀರಲಾರದೆ ಹೋಗುತ್ತದೆ. ನೀರಿನ ನಡುವೆಯೇ ಗಿಡ ಬಾಡುವುದು ಇದರಿಂದ.

ಹಾಗಾದರೆ ಗದ್ದೆಯ ನೀರಿನಲ್ಲಿ ಭತ್ತ ಹೇಗೆ ಬದುಕುತ್ತದೆ? ಭತ್ತದ ಕಾಂಡ ಮತ್ತು ಬೇರುಗಳೊಳಗೆ ಗಾಳಿ ಸಾಗುವ ಸಣ್ಣ ಕೊಳವೆಗಳಿವೆ. ಮೇಲಿನ ಗಾಳಿ ಅವುಗಳ ಮೂಲಕ ಬೇರಿಗೆ ಇಳಿಯುತ್ತದೆ. ಬದನೆ, ಮೆಣಸು, ಟೊಮೆಟೊಗಳಿಗೆ ಅಂತಹ ಅನುಕೂಲವಿಲ್ಲ.

ಇನ್ನೊಂದು ತೊಂದರೆಯೂ ಇದೆ. ಎಳೆಯ ಸಸಿಗಳ ಬುಡ ಕೊಳೆಸುವ ಪಿಥಿಯಂ ಎಂಬ ಸೂಕ್ಷ್ಮಜೀವಿಯ ಬೀಜಾಣುಗಳು ಮಣ್ಣಿನ ನೀರಿನಲ್ಲಿ ಈಜಿ ಸಸಿಯಿಂದ ಸಸಿಗೆ ಹರಡುತ್ತವೆ. ನೀರು ಬಸಿದುಹೋದ ಮಣ್ಣಿನಲ್ಲಿ ಅವುಗಳ ಈಜಾಟ ನಡೆಯುವುದಿಲ್ಲ.

ಮಾಡಿ ನೋಡಿ: ಸ್ಪಂಜಿನ ಪಾಠ

ಪಾತ್ರೆ ತೊಳೆಯುವ ಇಟ್ಟಿಗೆಯಾಕಾರದ ಸ್ಪಂಜನ್ನು ನೀರಿನಲ್ಲಿ ಪೂರ್ತಿ ನೆನೆಸಿ. ಹಿಂಡದೆ ಅದನ್ನು ಬೆರಳ ತುದಿಗಳ ಮೇಲೆ ಅಡ್ಡಡ್ಡಲಾಗಿ ಹಿಡಿಯಿರಿ. ನೀರು ತೊಟ್ಟಿಕ್ಕುತ್ತದೆ, ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ಈಗ ಅದನ್ನು ಉದ್ದದ ಅಂಚಿನ ಮೇಲೆ ನಿಲ್ಲಿಸಿ ಹಿಡಿಯಿರಿ. ಮತ್ತೆ ನೀರು ಬರುತ್ತದೆ! ಅದೂ ನಿಂತ ಮೇಲೆ ಇನ್ನೂ ಎತ್ತರವಾಗುವಂತೆ ತುದಿಯ ಮೇಲೆ ನಿಲ್ಲಿಸಿ. ಮತ್ತಷ್ಟು ನೀರು ಇಳಿಯುತ್ತದೆ.

ಸ್ಪಂಜು ಒಂದೇ, ಎತ್ತರ ಮಾತ್ರ ಬದಲಾಯಿತು. ಸಣ್ಣ ಸಂದುಗಳು ಲೋಮನಾಳ ಕ್ರಿಯೆಯಿಂದ ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಇದರಿಂದ ತಳದಲ್ಲಿ ಒಂದಿಷ್ಟು ದಪ್ಪದ ಪದರ ಯಾವಾಗಲೂ ನೀರು ತುಂಬಿಕೊಂಡೇ ಇರುತ್ತದೆ. ಸ್ಪಂಜು ಅಡ್ಡ ಇದ್ದಾಗ ಹೆಚ್ಚುಕಡಿಮೆ ಇಡೀ ಸ್ಪಂಜೇ ಆ ಪದರದೊಳಗೆ ಸೇರಿರುತ್ತದೆ. ನಿಲ್ಲಿಸಿದಾಗ ತಳದ ಪದರ ಮಾತ್ರ ಒದ್ದೆಯಾಗಿದ್ದು, ಮೇಲಿನ ಭಾಗದ ಸಂದುಗಳಿಗೆ ಗಾಳಿ ಬರುತ್ತದೆ. ಏರುಮಡಿಯಲ್ಲಿ ನಡೆಯುವುದೂ ಇದೇ. ಕೆಳಗೆ ನೀರು, ಮೇಲೆ ಬೇರಿಗೆ ಗಾಳಿ.

ಇಲ್ಲೇ ಇನ್ನೊಂದು ಮಾತು. ನೀರು ಬಸಿಯಲೆಂದು ಕುಂಡದ ತಳಕ್ಕೆ ಜಲ್ಲಿ ಹಾಕುವವರಿದ್ದಾರೆ. ಮಣ್ಣಿನ ಸಣ್ಣ ಸಂದುಗಳು ಪೂರ್ತಿ ತುಂಬುವವರೆಗೂ ನೀರು ಜಲ್ಲಿಯ ದೊಡ್ಡ ಸಂದುಗಳಿಗೆ ಇಳಿಯುವುದಿಲ್ಲ. ಆದ್ದರಿಂದ ಒದ್ದೆ ಪದರ ಜಲ್ಲಿಯ ಮೇಲಕ್ಕೆ, ಅಂದರೆ ಬೇರಿಗೆ ಇನ್ನೂ ಹತ್ತಿರಕ್ಕೆ ಬರುತ್ತದೆ! ಏರುಮಡಿಯ ತಳಕ್ಕೂ ಜಲ್ಲಿ ಬೇಡ.

ಮೊದಲು ಗುಂಡಿ ಪರೀಕ್ಷೆ

ನಿಮ್ಮ ಹಿತ್ತಿಲಿಗೆ ಏರುಮಡಿ ಬೇಕೇ? ನೆಲವನ್ನೇ ಕೇಳಿ. 30 ಸೆಂ.ಮೀ. ಅಗಲ, 30 ಸೆಂ.ಮೀ. ಆಳದ ಗುಂಡಿ ತೋಡಿ ನೀರು ತುಂಬಿ. ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿ, ಅಳತೆಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ, ಒಂದು ಗಂಟೆಯಲ್ಲಿ ನೀರು ಎಷ್ಟು ಇಳಿಯಿತು ಎಂದು ಬರೆದುಕೊಳ್ಳಿ. 2.5 ಸೆಂ.ಮೀ.ಗಿಂತ ಕಡಿಮೆ ಇಳಿದರೆ ಅಲ್ಲಿ ನೀರು ನಿಲ್ಲುತ್ತದೆ, ಏರುಮಡಿ ಬೇಕು. 2.5ರಿಂದ 7.5 ಸೆಂ.ಮೀ. ಇಳಿದರೆ ಒಳ್ಳೆಯ ನೆಲ. 10 ಸೆಂ.ಮೀ.ಗಿಂತ ಹೆಚ್ಚು ಇಳಿದರೆ ನೀರು ಬೇಗ ಬಸಿದುಹೋಗುವ ನೆಲ. ಪರೀಕ್ಷೆ ಮುಗಿದ ಕೂಡಲೇ ಗುಂಡಿ ಮುಚ್ಚಲು ಮರೆಯಬೇಡಿ.

ಅಳತೆ ಮತ್ತು ಲೆಕ್ಕ

ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಜಾಗ ಆರಿಸಿ. ನೆಲ ಇಳಿಜಾರಾಗಿದ್ದರೆ ಮಡಿಯ ಉದ್ದ ಇಳಿಜಾರಿಗೆ ಅಡ್ಡವಾಗಿರಲಿ. ಇಲ್ಲದಿದ್ದರೆ ಮಳೆ ನೀರು ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆ.

ಅಗಲ ಎಷ್ಟಿರಬೇಕು? ಅದನ್ನು ನಿಮ್ಮ ಕೈಯೇ ಹೇಳುತ್ತದೆ. ಪಕ್ಕದಲ್ಲಿ ಕುಳಿತು ಕೈ ಚಾಚಿದರೆ ಮಡಿಯ ನಡುಭಾಗ ಸಿಗಬೇಕು. ಏಕೆಂದರೆ ಏರುಮಡಿಯ ಮೊದಲ ನಿಯಮವೇ ಅದನ್ನು ತುಳಿಯಬಾರದು ಎಂಬುದು. ತುಳಿದರೆ ಸಂದುಗಳು ಮುಚ್ಚಿಹೋಗುತ್ತವೆ. ನಿಮ್ಮ ವಯಸ್ಸಿನವರಿಗೆ 90 ಸೆಂ.ಮೀ. ಅಗಲ ಸಾಕು. ಉದ್ದ 180 ಸೆಂ.ಮೀ., ಎತ್ತರ 20 ಸೆಂ.ಮೀ. ಇರಲಿ.

ಈಗ ಘನಫಲ ಕಂಡುಹಿಡಿಯಿರಿ. 180 × 90 × 20 = 3,24,000 ಘನ ಸೆಂ.ಮೀ., ಅಂದರೆ 324 ಲೀಟರ್. ಎರಡು ಪಾಲು ಮಣ್ಣು, ಒಂದು ಪಾಲು ಗೊಬ್ಬರ ಎಂದರೆ 216 ಲೀಟರ್ ಮಣ್ಣು, 108 ಲೀಟರ್ ಗೊಬ್ಬರ ಬೇಕು. ಒಟ್ಟು ತೂಕ 300 ಕಿಲೋಗ್ರಾಂಗೂ ಹೆಚ್ಚು! ಇಷ್ಟು ಮಣ್ಣು ಎಲ್ಲಿಂದ ತರುವುದು?

ಎಲ್ಲಿಂದಲೂ ತರಬೇಕಾಗಿಲ್ಲ. ಮಡಿಯ ಸುತ್ತ 45 ಸೆಂ.ಮೀ. ಅಗಲದ ಕಾಲುದಾರಿ ಬಿಡಿ. ದಾರಿಯೂ ಸೇರಿ ಜಾಗದ ಅಳತೆ 270 × 180 = 48,600 ಚದರ ಸೆಂ.ಮೀ. ಇದರಲ್ಲಿ ಮಡಿಯ 16,200 ಕಳೆದರೆ ದಾರಿಗೆ ಉಳಿಯುವುದು 32,400. ಈ ದಾರಿಯನ್ನು ಸುಮಾರು 7 ಸೆಂ.ಮೀ. ಆಳಕ್ಕೆ ಕೆತ್ತಿದರೆ ಬೇಕಾದಷ್ಟು ಮಣ್ಣು ಸಿಗುತ್ತದೆ. ಅಗೆದ ಮಣ್ಣು ಉಬ್ಬುವುದರಿಂದ ಸ್ವಲ್ಪ ಕಡಿಮೆ ಕೆತ್ತಿದರೂ ನಡೆದೀತು. ದಾರಿ ತಗ್ಗಾದಂತೆ ಮಡಿ ಇನ್ನೂ ಎತ್ತರವಾಗುತ್ತದೆ, ದಾರಿಯೇ ನೀರು ಹರಿದುಹೋಗುವ ಬಸಿಗಾಲುವೆಯಾಗುತ್ತದೆ.

ಮಡಿ ಕಟ್ಟುವ ಕ್ರಮ

1. ನಾಲ್ಕು ಗೂಟ ನೆಟ್ಟು ಹುರಿ ಕಟ್ಟಿ ಗುರುತು ಮಾಡಿ. ಹುಲ್ಲು, ಕಳೆಗಳನ್ನು ಬೇರುಸಹಿತ ಕೀಳಿ.
2. ಮಡಿ ಬರುವ ಜಾಗದ ನೆಲವನ್ನು ಒಂದು ಗೇಣು ಆಳಕ್ಕೆ ಸಡಿಲ ಮಾಡಿ. ಗುದ್ದಲಿ ಕೆಲಸಕ್ಕೆ ದೊಡ್ಡವರ ಸಹಾಯ ಪಡೆಯಿರಿ.
3. ದಾರಿಯ ಮೇಲ್ಮಣ್ಣು ಮತ್ತು ಗೊಬ್ಬರವನ್ನು ಬೆರೆಸಿ ತುಂಬಿ. ಗೊಬ್ಬರ ಪೂರ್ತಿ ಕಳಿತಿರಬೇಕು. ಹಸಿ ಸಗಣಿ ಕೊಳೆಯುವಾಗ ಬಿಸಿಯಾಗಿ ಎಳೆಯ ಬೇರನ್ನು ಸುಡುತ್ತದೆ, ಗೊಣ್ಣೆಹುಳುಗಳನ್ನೂ ಕರೆತರುತ್ತದೆ.
4. ಮೇಲ್ಭಾಗವನ್ನು ಮಟ್ಟ ಮಾಡಿ. ಅಂಚುಗಳನ್ನು ಇಳಿಜಾರಾಗಿ ತಟ್ಟಿ, ಅಥವಾ ಕಲ್ಲು, ಒಡೆದ ಹೆಂಚು, ಬಿದಿರು, ಅಡಿಕೆ ದಬ್ಬೆ, ತೆಂಗಿನ ಸಿಪ್ಪೆ ಜೋಡಿಸಿ.

ಅಂಚಿಗೆ ಬೇಡವಾದವೂ ಇವೆ. ಹಳೆಯ ಆಸ್ಬೆಸ್ಟಾಸ್ ಶೀಟಿನ ಚೂರುಗಳನ್ನು ಮುಟ್ಟಲೇಬೇಡಿ. ಅದರ ಸೂಕ್ಷ್ಮ ಎಳೆಗಳು ಉಸಿರಿನೊಂದಿಗೆ ಶ್ವಾಸಕೋಶ ಸೇರಿದರೆ ಹಲವು ವರ್ಷಗಳ ನಂತರವೂ ಕಾಯಿಲೆ ತರಬಲ್ಲವು. ಹಳೆಯ ಬಣ್ಣ ಬಳಿದ ಹಲಗೆಯಲ್ಲಿ ಸೀಸ ಇರಬಹುದು. ಟಾರು ಬಳಿದ ಮರವೂ ಬೇಡ. ನಾವು ತಿನ್ನುವ ಸೊಪ್ಪು ಬೆಳೆಯುವ ಮಣ್ಣು ಇದು ಎಂಬುದು ನೆನಪಿರಲಿ.

ಏನು ಬಿತ್ತೋಣ?

ಮಡಿಯ ಉದ್ದವನ್ನು 60 ಸೆಂ.ಮೀ.ಯ ಮೂರು ಭಾಗ ಮಾಡಿ. ಒಂದರಲ್ಲಿ ಸೊಪ್ಪು, ಒಂದರಲ್ಲಿ ಮೂಲಂಗಿ, ಒಂದರಲ್ಲಿ ಅಲಸಂದೆ ಇರಲಿ. ಬೀಜವನ್ನು ಅದರ ದಪ್ಪದ ಎರಡು ಮೂರು ಪಟ್ಟು ಆಳದಲ್ಲಿ ಬಿತ್ತಬೇಕು. ದಂಟಿನ ಬೀಜ ತೀರಾ ಸಣ್ಣದು, ಮರಳಿನೊಂದಿಗೆ ಬೆರೆಸಿ ಉದುರಿಸಿದರೆ ಸಮನಾಗಿ ಬೀಳುತ್ತದೆ. ಮೆಂತ್ಯ ಮತ್ತು ದಂಟು ಸುಮಾರು ಒಂದು ತಿಂಗಳಿಗೆ, ಮೂಲಂಗಿ ಸುಮಾರು ಒಂದೂವರೆ ತಿಂಗಳಿಗೆ ಸಾರಿನ ಪಾತ್ರೆ ಸೇರುತ್ತವೆ. ಮುಂದಿನ ಬಾರಿ ಬೆಳೆಗಳ ಜಾಗ ಬದಲಿಸಿ.

ಅಲಸಂದೆಯ ಒಂದು ಗಿಡವನ್ನು ಮೆಲ್ಲಗೆ ಕಿತ್ತು ಬೇರು ನೋಡಿ. ಸಣ್ಣ ಗಂಟುಗಳು ಕಾಣುತ್ತವೆ. ಒಂದು ಗಂಟನ್ನು ಸೀಳಿದರೆ ಒಳಗೆ ನಸುಗೆಂಪು ಬಣ್ಣವಿದೆಯೇ? ಇದ್ದರೆ ರೈಜೋಬಿಯಂ ಬ್ಯಾಕ್ಟೀರಿಯಗಳು ಗಾಳಿಯ ನೈಟ್ರೋಜನನ್ನು ಗೊಬ್ಬರವಾಗಿಸುವ ಕೆಲಸದಲ್ಲಿವೆ ಎಂದರ್ಥ. ನೋಡಿದಿರಾ, ಮಣ್ಣಿನ ಗಾಳಿ ಇಲ್ಲಿಯೂ ಬೇಕಾಯಿತು!

ಮಡಿಯ ಮೇಲೆ ಒಣ ಎಲೆಗಳ ತೆಳು ಹೊದಿಕೆ ಹಾಸಿ. ಮಳೆಹನಿಯ ಹೊಡೆತ ಮತ್ತು ಬಿಸಿಲಿನ ಕಾವು ಎರಡೂ ಕಡಿಮೆಯಾಗುತ್ತವೆ. ಸಸಿಗಳ ಬುಡವನ್ನು ಮಾತ್ರ ಮುಚ್ಚಬೇಡಿ. ಗೊಬ್ಬರ ಕರಗಿದಂತೆ ಮಡಿ ಕುಸಿಯುತ್ತದೆ, ಆದ್ದರಿಂದ ಪ್ರತಿ ಬೆಳೆಗೂ ಎರಡು ಮೂರು ಬುಟ್ಟಿ ಗೊಬ್ಬರ ಸೇರಿಸಿ. ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ.

ಎಲ್ಲ ಊರಿಗೂ ಏರುಮಡಿಯೇ?

ಇಲ್ಲ! ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ವಿಜಯಪುರದಲ್ಲಿ ಸುಮಾರು 600 ಮಿ.ಮೀ. ಮಾತ್ರ. ಏರುಮಡಿಯ ಮೇಲೂ ಬದಿಗಳಿಗೂ ಗಾಳಿ, ಬಿಸಿಲು ತಗಲುವುದರಿಂದ ಅದು ಬೇಗ ಒಣಗುತ್ತದೆ. ನೀರು ಬೇಗ ಬಸಿಯುವ ಒಣ ನೆಲದಲ್ಲಿ ಮತ್ತು ಬೇಸಿಗೆಯಲ್ಲಿ ಇದಕ್ಕೆ ವಿರುದ್ಧವಾದ ತಗ್ಗುಮಡಿ ಒಳ್ಳೆಯದು. ನೆಲವನ್ನು 10 ಸೆಂ.ಮೀ. ತಗ್ಗಿಸಿ ಸುತ್ತ ಬದು ಹಾಕಿದರೆ ಹಾಕಿದ ನೀರು ಅಲ್ಲೇ ಇಂಗುತ್ತದೆ.

ಕಪ್ಪು ಮಣ್ಣಿನ ಕಥೆ ಬೇರೆ. ಮಳೆ ಕಡಿಮೆಯಾದರೂ ಅದು ಬಿದ್ದಾಗ ಜೇಡಿಕಣಗಳು ಉಬ್ಬಿ ನೀರು ನಿಲ್ಲುತ್ತದೆ. ಇದಕ್ಕಾಗಿ ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು, ಸುಮಾರು ಒಂದು ಮೀಟರ್ ಅಗಲದ ಏರುಮಡಿ ಮತ್ತು ಅದರ ಪಕ್ಕ ಅರ್ಧ ಮೀಟರ್ ಅಗಲದ ಕಾಲುವೆ ಇರುವ ಬೇಸಾಯ ವಿಧಾನವನ್ನು ರೂಪಿಸಿದರು.

ಬೇರೆ ದೇಶಗಳಲ್ಲೂ ಜನರು ಇದನ್ನು ಅನುಭವದಿಂದಲೇ ಕಂಡುಕೊಂಡರು. ಮೆಕ್ಸಿಕೋ ನಗರದ ಸೊಚಿಮಿಲ್ಕೋ ಎಂಬಲ್ಲಿ ಕೆರೆಯ ಕೆಸರು ಮತ್ತು ಜೊಂಡನ್ನು ಪೇರಿಸಿ ಎತ್ತರದ ಮಡಿಗಳನ್ನು ಮಾಡಿದರು. ಈ ತಾಣ 1987ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅಮೆರಿಕದ ಒಣ ಪ್ರದೇಶವಾದ ನ್ಯೂ ಮೆಕ್ಸಿಕೋದ ಜುನಿ ಜನರದು ಇದಕ್ಕೆ ತದ್ವಿರುದ್ಧ. ಅವರು ಸುತ್ತ ಮಣ್ಣಿನ ಬದು ಕಟ್ಟಿದ ಪುಟ್ಟ ತಗ್ಗುಮಡಿಗಳಲ್ಲಿ ಬೆಳೆ ತೆಗೆದರು.

ಹೋಲಿಸಿ ನೋಡಿ

ಒಂದು ಪುಟ್ಟ ಏರುಮಡಿ, ಒಂದು ಸಮತಟ್ಟು ಮಡಿ, ಒಂದು ತಗ್ಗುಮಡಿ ಮಾಡಿ. ಮೂರಕ್ಕೂ ಒಂದೇ ಮಣ್ಣು, ಒಂದೇ ಗೊಬ್ಬರ, ತಲಾ 50 ಮೆಂತ್ಯದ ಕಾಳು. ಮೊಳೆತವು ಎಷ್ಟು, ಹದಿನೈದು ದಿನಗಳ ನಂತರ ಉಳಿದವು ಎಷ್ಟು ಎಂದು ಪಟ್ಟಿ ಮಾಡಿ. ಮಳೆಗಾಲದಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಮಾಡಿ. ಒಂದನ್ನು ಮಾತ್ರ ಬದಲಿಸಿ ಉಳಿದುದನ್ನೆಲ್ಲ ಒಂದೇ ರೀತಿ ಇಟ್ಟರೆ ಮಾತ್ರ ಕಾರಣ ಯಾವುದೆಂದು ಹೇಳಲು ಸಾಧ್ಯ.

ಆ ಶಾಲೆಯ ಮಕ್ಕಳು ಮಣ್ಣುಗುಡ್ಡೆಯ ಏಳು ಸಸಿಗಳನ್ನು ಹೊಸದಾಗಿ ಮಾಡಿದ ಏರುಮಡಿಗೆ ನಾಟಿ ಮಾಡಿದರು. ಎರಡನ್ನು ಬಸವನಹುಳು ತಿಂದುಹಾಕಿತು. ಉಳಿದ ಐದು ಗಿಡಗಳ ಮೊದಲ ಬದನೆಕಾಯಿಗಳು ಬಿಸಿಯೂಟದ ಸಾಂಬಾರಿಗೆ ಬಿದ್ದ ದಿನ ನಾನೂ ಊಟಕ್ಕೆ ಕುಳಿತಿದ್ದೆ. ಹೋಳುಗಳು ಎಲ್ಲರಿಗೂ ಸಾಲಲಿಲ್ಲ. ಆದರೆ ಬೀಜ ಸರಿಯಿಲ್ಲ ಎಂದು ಆಮೇಲೆ ಯಾರೂ ಹೇಳಲಿಲ್ಲ.

ನಿಮ್ಮ ಮನೆಯಲ್ಲೂ ಸಸಿ ಸತ್ತರೆ ಬೀಜವನ್ನು ಬೈಯುವ ಮೊದಲು ಬುಡದ ಒಂದು ಹಿಡಿ ಮಣ್ಣನ್ನು ಕೈಗೆತ್ತಿಕೊಂಡು ಹಿಂಡಿ. ನೀರು ತೊಟ್ಟಿಕ್ಕಿತೇ? ಹಾಗಾದರೆ ಬೇರಿಗೆ ಗಾಳಿ ಎಲ್ಲಿಂದ ಬರಬೇಕು?