ರೇಷ್ಮೆಗೂಡಿನ ಊರಿನಲ್ಲಿ ಗಣಕಜಾಲ

ರೇಷ್ಮೆಗೂಡು ಬಹಳ ದಿನ ಕಾಯುವ ಸರಕಲ್ಲ. ಹುಳು ಗೂಡು ಕಟ್ಟಿ ಮುಗಿಸಿದ ಹತ್ತು-ಹನ್ನೆರಡು ದಿನಗಳಲ್ಲಿ ಒಳಗಿನ ಕೋಶ ಚಿಟ್ಟೆಯಾಗಿ ಹೊರಬೀಳುತ್ತದೆ. ಆಗ ಗೂಡು ತೂತಾಗಿ ಎಳೆಯ ಅಖಂಡತೆ ಕೆಡುವುದರಿಂದ ಅದರಿಂದ ನೂಲು ಬಿಚ್ಚಲಾಗದು. ಹೀಗಾಗಿ ಶಿಡ್ಲಘಟ್ಟದ ಸರ್ಕಾರಿ ಗೂಡು ಮಾರುಕಟ್ಟೆಯಲ್ಲಿ ರೈತ ಸುರಿದ ಲಾಟು ಅಂದೇ ಹರಾಜಾಗಬೇಕು. ಹಿಂದೆ ಬಾಯಿಮಾತಿನಲ್ಲಿ ನಡೆಯುತ್ತಿದ್ದ ಈ ಹರಾಜು ಈಗ ಇ-ಹರಾಜಾಗಿದೆ: ನೂಲು ಬಿಚ್ಚುವ ರೀಲರುಗಳು ಗೂಡನ್ನು ಕೈಯಲ್ಲಿ ಹಿಡಿದು, ಅಲುಗಿಸಿ, ಗುಣ ನೋಡಿ, ಬೆಲೆಯನ್ನು ಮಾತ್ರ ಮೊಬೈಲಿನಲ್ಲಿ ನಮೂದಿಸುತ್ತಾರೆ, ಹಣ ಬ್ಯಾಂಕಿನ ಮೂಲಕ ರೈತರ ಖಾತೆ ಸೇರುತ್ತದೆ. ಅಲ್ಲಿಗೆ ಗಣಕಜಾಲವೂ ತಕ್ಕಡಿಯ ಸಾಲಿಗೆ ಸೇರಿದಂತಾಯಿತು, ಅದು ನಿಂತರೆ ವ್ಯಾಪಾರವೂ ನಿಲ್ಲುತ್ತದೆ.

ಚಿಂತಾಮಣಿಯ ಟೊಮೆಟೊ ಮಂಡಿಗಳಿಗೂ ಚಿಕ್ಕಬಳ್ಳಾಪುರದ ಹೂವಿನ ವ್ಯಾಪಾರಕ್ಕೂ ಇದೇ ಮಾತು ಅನ್ವಯಿಸುತ್ತದೆ. ಕೆಡುವ ಸರಕಿನ ವ್ಯಾಪಾರದಲ್ಲಿ ಜಾಲವನ್ನು ಅದರ ಗರಿಷ್ಠ ವೇಗದಿಂದ ಅಳೆಯುವುದು ಸಲ್ಲದು, ದಿನದ ಯಾವ ಗಂಟೆಯಲ್ಲಿ ಅದು ನಿಲ್ಲಲೇಬಾರದು ಎಂಬುದರಿಂದ ಅಳೆಯಬೇಕು. ಸಣ್ಣ ಉದ್ಯಮಿಗಳು ಸಲಕರಣೆ ಕೊಳ್ಳುವಾಗ ಈ ಪ್ರಶ್ನೆಯನ್ನು ಕೇಳಿಕೊಳ್ಳುವುದು ಅಪರೂಪ. ಮುಂದಿನ ತೊಂದರೆಗಳಲ್ಲಿ ಹೆಚ್ಚಿನವು ಅಲ್ಲಿಂದಲೇ ಹುಟ್ಟುತ್ತವೆ.

ಹತ್ತು ಜನ ದುಡಿಯುವ ಒಂದು ನೂಲು ಬಿಚ್ಚುವ ಘಟಕದ ಜಾಲವೆಂದರೆ ಸಾಮಾನ್ಯವಾಗಿ ಹೊರಗಿನಿಂದ ಬರುವ ಒಂದು ಇಂಟರ್‌ನೆಟ್ ಸಂಪರ್ಕ, ಅದನ್ನು ಒಳಗಿನ ಯಂತ್ರಗಳಿಗೆ ಹಂಚುವ ರೌಟರ್, ಲೆಕ್ಕ ಬರೆಯುವ ಒಂದೆರಡು ಕಂಪ್ಯೂಟರ್, ಪ್ರಿಂಟರ್, ಸಿಸಿಟಿವಿ ಮತ್ತು ಎಲ್ಲರ ಜೇಬಿನ ಮೊಬೈಲ್. ರೌಟರ್ ಪ್ರತಿ ಯಂತ್ರಕ್ಕೂ ಹೆಚ್ಚಾಗಿ 192.168 ಎಂದು ಆರಂಭವಾಗುವ ಒಂದು ಒಳವಿಳಾಸವನ್ನು ಕೊಡುತ್ತದೆ. ಇದೇ ವಿಳಾಸಗಳು ಬೇರೆ ಲಕ್ಷಾಂತರ ಕಚೇರಿಗಳಲ್ಲೂ ಇರುತ್ತವೆಯಾದರೂ ಹೊರಜಗತ್ತಿಗೆ ಕಾಣುವುದು ರೌಟರಿನ ಹೊರವಿಳಾಸ ಮಾತ್ರವಾದ್ದರಿಂದ ಗೊಂದಲವಾಗುವುದಿಲ್ಲ. ಒಳಗಿನ ಇಷ್ಟೂ ಯಂತ್ರಗಳ ವ್ಯವಹಾರ ಆ ಒಂದೇ ಬಾಗಿಲಿನಿಂದ ಹೋಗಿ ಬರುತ್ತದೆ.

ವೈಫೈ ರೇಡಿಯೊ ತರಂಗಗಳ ವ್ಯವಹಾರ. ಗೌರಿಬಿದನೂರಿನ ಬಳಿ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳು ಕೂಡಿ 1976ರಿಂದ ನಡೆಸಿಕೊಂಡು ಬಂದಿರುವ ರೇಡಿಯೊ ವೀಕ್ಷಣಾಲಯದಲ್ಲಿ 34.5 ಮೆಗಾಹರ್ಟ್ಸ್ ಆವೃತ್ತಿಯಲ್ಲಿ ಆಕಾಶವನ್ನು ಆಲಿಸುವ ಆಂಟೆನಾಗಳ ಸಾಲುಗಳು ಬಯಲಿನುದ್ದಕ್ಕೂ ಹರಡಿಕೊಂಡಿದ್ದವು. ಮನುಷ್ಯ ಎಬ್ಬಿಸುವ ರೇಡಿಯೊ ಗದ್ದಲ ಕಡಿಮೆ ಇರಬೇಕೆಂಬ ಕಾರಣಕ್ಕೇ ಇಂಥ ಕೇಂದ್ರಗಳು ನಗರಗಳಿಂದ ದೂರ ಹೋಗುತ್ತವೆ. ಪೇಟೆಯ ಅಂಗಡಿಗೆ ಆ ಭಾಗ್ಯವಿಲ್ಲ. ಹಳೆಯ ಮತ್ತು ಅಗ್ಗದ ವೈಫೈ ಬಳಸುವ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದೆ ನಡೆಯಬಲ್ಲ ಚಾನೆಲುಗಳು 1, 6 ಮತ್ತು 11 ಎಂಬ ಮೂರೇ; ಒಂದೇ ಬೀದಿಯ ಇಪ್ಪತ್ತು ರೌಟರುಗಳು ಈ ಮೂರನ್ನು ಹಂಚಿಕೊಳ್ಳಬೇಕು. ಒಂದು ಚಾನೆಲ್ಲಿನಲ್ಲಿ ಒಂದು ಹೊತ್ತಿಗೆ ಒಂದೇ ಯಂತ್ರ ಮಾತನಾಡಬಹುದು, ಉಳಿದವು ಆಲಿಸಿ ಬಿಡುವು ನೋಡಿಕೊಂಡು ಮಾತನಾಡಬೇಕು. ಎರಡು ದನಿ ಒಟ್ಟಿಗೆ ಎದ್ದರೆ ಕೂಗು ಹರಾಜಿನಲ್ಲಿ ಆಗುತ್ತಿದ್ದಂತೆ ಎರಡೂ ಕೇಳಿಸುವುದಿಲ್ಲ, ಇಬ್ಬರೂ ಮತ್ತೆ ಕೂಗಬೇಕಾಗುತ್ತದೆ. ದೂರದ ಮೂಲೆಯಲ್ಲಿ ಸಂಕೇತ ಕ್ಷೀಣಿಸಿರುವ ಒಂದು ಮೊಬೈಲ್ ನಿಧಾನವಾಗಿ ಮಾತನಾಡುವುದರಿಂದ ಅದು ಹೆಚ್ಚು ಹೊತ್ತು ಚಾನೆಲ್ಲನ್ನು ಹಿಡಿದಿಟ್ಟುಕೊಂಡು, ರೌಟರಿನ ಪಕ್ಕದಲ್ಲೇ ಇರುವವರನ್ನೂ ಕಾಯಿಸುತ್ತದೆ ಎಂಬುದು ಅನೇಕರಿಗೆ ತಿಳಿಯದ ಸಂಗತಿ. ಜನ ಕಿಕ್ಕಿರಿದ ಅಂಗಣದಲ್ಲಿ ಮತ್ತೊಂದು ತೊಡಕು ಸೇರಿಕೊಳ್ಳುತ್ತದೆ: ಮನುಷ್ಯದೇಹದ ಹೆಚ್ಚಿನ ಪಾಲು ನೀರಾಗಿದ್ದು, ನೀರು ಈ ತರಂಗಗಳನ್ನು ಹೀರುವುದರಿಂದ ಬೆಳಗ್ಗೆ ಖಾಲಿ ಅಂಗಣದಲ್ಲಿ ಚೆನ್ನಾಗಿದ್ದ ಸಂಕೇತ ವ್ಯಾಪಾರದ ಹೊತ್ತಿಗೆ ಕುಗ್ಗಿರುತ್ತದೆ. ಆದ್ದರಿಂದ ವೈಫೈ ಪೆಟ್ಟಿಗೆಯನ್ನು ಜನರ ತಲೆಗಿಂತ ಎತ್ತರದಲ್ಲಿ ಕಟ್ಟುವುದು, ಹೆಚ್ಚು ಚಾನೆಲುಗಳಿರುವ 5 ಗಿಗಾಹರ್ಟ್ಸ್ ಪಟ್ಟಿಯನ್ನು ಹತ್ತಿರದ ಬಳಕೆಗೆ ಆರಿಸುವುದು, ಕದಲದೆ ಕೂತಿರುವ ಬಿಲ್ಲಿನ ಕಂಪ್ಯೂಟರಿಗೆ ತಂತಿಯನ್ನೇ ಎಳೆದು ಗಾಳಿಯನ್ನು ಮೊಬೈಲುಗಳಿಗೆ ಬಿಟ್ಟುಕೊಡುವುದು ಹೆಚ್ಚು ಹಣ ಕೇಳದ, ಆದರೆ ಹೆಚ್ಚು ಫಲ ಕೊಡುವ ಕ್ರಮಗಳು.

ತಂತಿಗೂ ಅದರದೇ ಕಷ್ಟಗಳಿವೆ. ಗೂಡು ಬೇಯಿಸುವ ಕೋಣೆಯಲ್ಲಿ ದಿನವಿಡೀ ಬಿಸಿನೀರಿನ ಹಬೆ ಆಡುವುದರಿಂದ ಜಾಲದ ಕೇಬಲ್ಲಿನ ತುದಿಯಲ್ಲಿರುವ ತೆಳುವಾದ ಲೋಹದ ಎಂಟು ಪಿನ್ನುಗಳಿಗೆ ಕಿಲುಬು ಹಿಡಿದು, ಸಂಪರ್ಕ ಪೂರ್ತಿ ಕಡಿಯದೆ ಬಿಟ್ಟು ಬಿಟ್ಟು ಬರತೊಡಗುತ್ತದೆ. ಇಂಥ ದೋಷವನ್ನು ಹುಡುಕುವುದು ಪೂರ್ತಿ ಕಡಿದದ್ದನ್ನು ಹುಡುಕುವುದಕ್ಕಿಂತ ಎಷ್ಟೋ ಕಠಿಣ. ಸಲಕರಣೆಗಳನ್ನು ಹಬೆ ತಲುಪದ ಕೋಣೆಯಲ್ಲಿಡುವುದೇ ಇದಕ್ಕೆ ಮದ್ದು. ಎರಡನೆಯ ಅಪಾಯ ಸಿಡಿಲು. ಮುಂಗಾರಿಗೆ ಮುಂಚಿನ ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಹತ್ತಿರದಲ್ಲೆಲ್ಲೋ ಸಿಡಿಲು ಬಡಿದಾಗ ಎರಡು ಕಟ್ಟಡಗಳ ನಡುವೆ ತೂಗುಬಿಟ್ಟ ತಾಮ್ರದ ಕೇಬಲ್ಲಿನಲ್ಲಿ ಕ್ಷಣಮಾತ್ರ ಭಾರಿ ವೋಲ್ಟೇಜ್ ಪ್ರೇರಿತವಾಗಿ, ಅದರ ಎರಡೂ ತುದಿಯ ಯಂತ್ರಗಳು ಸುಟ್ಟುಹೋಗಬಹುದು. ಈ ಸೀಮೆಯ ಗ್ರಾನೈಟ್ ಬಂಡೆಯ ಒಣನೆಲದಲ್ಲಿ ವಿದ್ಯುತ್ತು ಸುಲಭವಾಗಿ ಭೂಮಿಗೆ ಇಳಿಯುವುದಿಲ್ಲವಾದ್ದರಿಂದ ಇದ್ದಿಲು ಮತ್ತು ಉಪ್ಪು ಹಾಕಿದ ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹೊಯ್ಯುವುದನ್ನು ಮರೆಯಬಾರದು. ಕಟ್ಟಡದಿಂದ ಕಟ್ಟಡಕ್ಕೆ ಹಾಯುವ ತಂತಿಯನ್ನಂತೂ ಲೋಹವಿಲ್ಲದ ಆಪ್ಟಿಕಲ್ ಫೈಬರಿಗೆ ಬದಲಿಸುವುದು ಲೇಸು. ಗಾಜಿನ ಎಳೆ ಬೆಳಕನ್ನು ಒಯ್ಯುತ್ತದೆಯೇ ಹೊರತು ವಿದ್ಯುತ್ತನ್ನು ಒಯ್ಯುವುದಿಲ್ಲ, ಜೊತೆಗೆ ತಾಮ್ರದ ಕೇಬಲ್ಲಿಗಿರುವ 100 ಮೀಟರಿನ ಮಿತಿಯೂ ಅದಕ್ಕಿಲ್ಲ.

ಸಿಸಿಟಿವಿಯ ಮಾತು ಬೇರೆಯೇ ಇದೆ. ಕಳ್ಳರಿಗೆಂದು ಹಾಕಿಸಿದ ಕ್ಯಾಮೆರಾವೇ ಕಳ್ಳರಿಗೆ ದಾರಿಯಾಗುವುದು ಹೇಗೆಂಬುದನ್ನು 2016ರ ಮಿರಾಯ್ ಎಂಬ ತಂತ್ರಾಂಶದ ಪ್ರಕರಣ ತೋರಿಸಿಕೊಟ್ಟಿತು. ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡನ್ನು ಯಾರೂ ಬದಲಿಸದೆ ಬಿಟ್ಟಿದ್ದ ಕ್ಯಾಮೆರಾ, ರೆಕಾರ್ಡರ್ ಮತ್ತು ರೌಟರುಗಳನ್ನು ಆ ದುಷ್ಟ ತಂತ್ರಾಂಶ ಬರಿಯ ಅರವತ್ತು ಚಿಲ್ಲರೆ ಸಾಮಾನ್ಯ ಪಾಸ್‌ವರ್ಡುಗಳನ್ನು ಪ್ರಯೋಗಿಸಿಯೇ ವಶಪಡಿಸಿಕೊಂಡು, ಅಕ್ಟೋಬರ್ 21ರಂದು ಅಮೆರಿಕದ ಡೈನ್ ಎಂಬ ಕಂಪನಿಯ ಮೇಲೆ ಅವನ್ನೆಲ್ಲ ಒಟ್ಟಿಗೆ ಛೂ ಬಿಟ್ಟು, ಆ ಕಂಪನಿಯನ್ನು ನೆಚ್ಚಿದ್ದ ಹೆಸರಾಂತ ಜಾಲತಾಣಗಳನ್ನು ಗಂಟೆಗಟ್ಟಲೆ ನಿಲ್ಲಿಸಿತು. ಅಲ್ಲದೆ ಸೆಕೆಂಡಿಗೆ 4 ಮೆಗಾಬಿಟ್ ಕಳಿಸುವ ಎಂಟು ಕ್ಯಾಮೆರಾಗಳಿದ್ದರೆ ಅವೇ 32 ಮೆಗಾಬಿಟ್ ಜಾಗವನ್ನು ನುಂಗುತ್ತವೆ. ಈ ಎರಡೂ ಕಾರಣಗಳಿಗಾಗಿ ಕ್ಯಾಮೆರಾಗಳಿಗೆ ಒಂದು, ಬಂದುಹೋಗುವವರ ಮೊಬೈಲಿಗೆ ಒಂದು, ಲೆಕ್ಕದ ಕಂಪ್ಯೂಟರಿಗೆ ಒಂದು ಎಂದು ಜಾಲವನ್ನು ಬೇರ್ಪಡಿಸಬೇಕು. ಬಂದುಹೋಗುವವರಿಗೆ ಪ್ರತ್ಯೇಕ ವೈಫೈ ಕೊಡುವ ಸೌಲಭ್ಯ ಈಗಿನ ಸಾಮಾನ್ಯ ರೌಟರಿನಲ್ಲೂ ಇರುತ್ತದೆ.

ಲೆಕ್ಕದ ಕಡತಗಳ ನಕಲಿನ ವಿಷಯದಲ್ಲಿ ತೋರುವ ಉದಾಸೀನ ಎಲ್ಲಕ್ಕಿಂತ ದುಬಾರಿ. 2017ರ ಮೇ 12ರಂದು ಹರಡಿದ ವಾನಾಕ್ರೈ ಎಂಬ ತಂತ್ರಾಂಶ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಅದು ಬಳಸಿಕೊಂಡ ವಿಂಡೋಸಿನ ದೋಷಕ್ಕೆ ಮೈಕ್ರೋಸಾಫ್ಟ್ ಎರಡು ತಿಂಗಳ ಮುಂಚೆ, ಮಾರ್ಚಿನಲ್ಲೇ ತೇಪೆ ಹೊರತಂದಿತ್ತು, ಆದರೆ ಅಪ್‌ಡೇಟ್ ಮಾಡದ ಯಂತ್ರಗಳು ಸಿಕ್ಕಿಬಿದ್ದವು. ಕಂಪ್ಯೂಟರಿಗೆ ಸದಾ ಚುಚ್ಚಿಯೇ ಇರುವ ಪೆನ್‌ಡ್ರೈವಿನಲ್ಲಿರುವ ನಕಲಿಗೂ ಇಂಥ ತಂತ್ರಾಂಶ ಬೀಗ ಹಾಕುತ್ತದೆ. ಆದ್ದರಿಂದ ಒಂದು ನಕಲನ್ನಾದರೂ ಕಳಚಿ, ಬೇರೆ ಕಟ್ಟಡದಲ್ಲಿಡಬೇಕು. ಮೂರು ತಿಂಗಳಿಗೊಮ್ಮೆ ಅದನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು, ಹಿಂದಿನ ತಿಂಗಳ ಬಾಕಿ ಸರಿಯಾಗಿ ಬರುತ್ತದೆಯೇ ಎಂದು ನೋಡಬೇಕು. ಕರೆಂಟು ಹೋದ ಕ್ಷಣದಲ್ಲಿ ಅರ್ಧ ಬರೆದ ಕಡತ ಕೆಡದಂತೆ ಕಂಪ್ಯೂಟರಿಗೂ ರೌಟರಿಗೂ ಯುಪಿಎಸ್ ಇರಬೇಕೆಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ.

ಕಾನೂನೂ ಸಣ್ಣ ಉದ್ಯಮಗಳನ್ನು ಹೊರಗಿಟ್ಟಿಲ್ಲ. ಕೇಂದ್ರದ ಸೈಬರ್ ತುರ್ತು ಸ್ಪಂದನ ತಂಡ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳ ಪ್ರಕಾರ ಸೈಬರ್ ದಾಳಿ ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು, ಯಂತ್ರಗಳ ದಾಖಲೆಗಳನ್ನು 180 ದಿನ ಉಳಿಸಿಕೊಳ್ಳಬೇಕು. ಸಣ್ಣ ಮತ್ತು ಮಧ್ಯಮ ಉದ್ಯಮಗಳಿಗೆ ಆ ವರ್ಷದ ಸೆಪ್ಟೆಂಬರ್ 25ರವರೆಗೆ ಕಾಲಾವಕಾಶ ನೀಡಲಾಗಿತ್ತು. ಹಣ ವಂಚನೆಯಾದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಇಷ್ಟೆಲ್ಲ ಇದ್ದೂ ಎಷ್ಟೋ ಕಡೆ ಜಾಲದ ಪೂರ್ಣ ತಿಳಿವಳಿಕೆ ಇರುವುದು ಅದನ್ನು ಜೋಡಿಸಿಕೊಟ್ಟು ಹೋದ ಹುಡುಗನ ತಲೆಯಲ್ಲಿ ಮಾತ್ರ. ಅವನು ಬೆಂಗಳೂರಿಗೆ ಕೆಲಸಕ್ಕೆ ಹೊರಟುಹೋದರೆ ರೌಟರಿನ ಪಾಸ್‌ವರ್ಡೂ ಅವನೊಂದಿಗೆ ಹೋಗುತ್ತದೆ. ಯಾವ ತಂತಿ ಎಲ್ಲಿಂದ ಎಲ್ಲಿಗೆ, ಯಾವ ಯಂತ್ರಕ್ಕೆ ಯಾವ ವಿಳಾಸ, ಇಂಟರ್‌ನೆಟ್ ಖಾತೆ ಯಾರ ಹೆಸರಿನಲ್ಲಿದೆ, ಕೆಟ್ಟರೆ ಯಾರಿಗೆ ಫೋನು ಮಾಡಬೇಕು ಎಂಬುದನ್ನು ಮಾಲೀಕರು ಒಂದು ಪುಸ್ತಕದಲ್ಲಿ ಬರೆಸಿ, ಪಾಸ್‌ವರ್ಡುಗಳನ್ನು ಮುಚ್ಚಿದ ಲಕೋಟೆಯಲ್ಲಿ ಹಾಕಿ, ಎರಡನ್ನೂ ತಮ್ಮ ಬೀರುವಿನಲ್ಲೇ ಇಟ್ಟುಕೊಳ್ಳಬೇಕು. ಮುಖ್ಯ ಸಂಪರ್ಕ ಕಡಿದಾಗ ಬಳಸಲೆಂದು ಬೇರೊಂದು ಕಂಪನಿಯ ಸಿಮ್ ಹಾಕಿದ ಚಿಕ್ಕ ರೌಟರ್ ಇಟ್ಟುಕೊಂಡವರು ವ್ಯಾಪಾರ ತಣ್ಣಗಿರುವ ದಿನ ನೋಡಿ ಮುಖ್ಯ ತಂತಿಯನ್ನು ತಾವೇ ಕಿತ್ತು, ಅಂಗಡಿಯ ಹುಡುಗರು ಆ ಪುಸ್ತಕವೊಂದನ್ನೇ ನೋಡಿಕೊಂಡು ಎಷ್ಟು ನಿಮಿಷದಲ್ಲಿ ಬಿಲ್ಲು ತೆಗೆಯುತ್ತಾರೆಂದು ಪರೀಕ್ಷಿಸಬೇಕು, ಮತ್ತು ಅವರು ತಡವರಿಸಿದ ಜಾಗದಲ್ಲಿ ಪುಸ್ತಕವನ್ನು ತಿದ್ದಬೇಕು.