ಹೊಂಗೆಯ ಗಂಟು: ನುಸಿಯೋ, ನೊಣವೋ?

ಹಳೆಯ ಮದರಾಸು ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವ ಟಿನ್ ಫ್ಯಾಕ್ಟರಿಯಲ್ಲಿ ಬಸ್ಸಿಗಾಗಿ ಕಾಯದ ವಿದ್ಯಾರ್ಥಿಗಳು ಬೆಂಗಳೂರಿನ ಪೂರ್ವಭಾಗದಲ್ಲಿ ವಿರಳ. ಅಲ್ಲಿಂದ ಹಲಸೂರಿನ ಕಡೆಗಾಗಲಿ ಕೃಷ್ಣರಾಜಪುರದ ಕಡೆಗಾಗಲಿ ಹೊರಟವರು ದಾರಿಯಲ್ಲಿ ಹೊಂಗೆಯ ಮರವೊಂದನ್ನು ಕಂಡೇ ಕಾಣುತ್ತಾರೆ. ಕೈಗೆಟಕುವ ಎಲೆಗಳನ್ನು ಪರೀಕ್ಷಿಸಿದರೆ ಅನೇಕ ವೇಳೆ ಅವುಗಳ ಮೇಲೆ ಸಾಸಿವೆಯಷ್ಟು, ಮೆಣಸಿನ ಕಾಳಿನಷ್ಟು ಗುಳ್ಳೆಗಳು ಕಾಣಿಸುತ್ತವೆ. ಮರಕ್ಕೆ ಹುಳು ಬಿದ್ದಿದೆ, ಮದ್ದು ಹೊಡೆಯಬೇಕು ಎನ್ನುವವರುಂಟು. ಆದರೆ ಯಾವ ಹುಳು ಎಂಬುದು ಗೊತ್ತಾಗದೆ ಮದ್ದಿನ ಮಾತೆತ್ತುವುದು ವ್ಯರ್ಥ.

ಇಂಥ ಉಬ್ಬುಗಳಿಗೆ ವಿಜ್ಞಾನದಲ್ಲಿ ಗಾಲ್ ಎಂದು ಹೆಸರು. ಗಂಟು ಎಂದರೆ ನಮಗೆ ಸಾಕು. ಇದನ್ನು ಕಟ್ಟುವುದು ಹುಳುವಲ್ಲ, ಗಿಡವೇ. ಒಳಹೊಕ್ಕ ಜೀವಿಯ ಸ್ರಾವಗಳಿಂದ ಪ್ರಚೋದಿತವಾದ ಕೋಶಗಳು ಮಿತಿಮೀರಿ ಬೆಳೆದು ಆ ಅತಿಥಿಗೆ ಮನೆಯನ್ನೂ ಊಟವನ್ನೂ ಒದಗಿಸುತ್ತವೆ.

ಎಲೆಯ ಗಂಟೊಂದನ್ನು ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡೋಣ. ಗಜ್ಜರಿಯ ಆಕಾರದ, ಸುಮಾರು 0.2 ಮಿಲಿಮೀಟರ್ ಉದ್ದದ ಪ್ರಾಣಿಗಳು ಕಾಣುತ್ತವೆ. ತಲೆಯ ಬಳಿ ಎರಡೇ ಜೊತೆ ಕಾಲುಗಳು. ಇದು ಕೀಟವೇ ಅಲ್ಲ. ಅಸೇರಿಯಾ ಜಾತಿಯ ನುಸಿ, ಜೇಡದ ದೂರದ ಬಂಧು. ಕೀಟಗಳಿಗೆಂದೇ ತಯಾರಿಸಿದ ಅನೇಕ ಮದ್ದುಗಳು ಇದಕ್ಕೆ ನಾಟುವುದಿಲ್ಲ. ಭಾರತದ ಇಂಥ ನುಸಿಗಳ ಬಗ್ಗೆ ಬೆಂಗಳೂರಿನ ಜಿ. ಪಿ. ಚನ್ನಬಸವಣ್ಣನವರು 1966ರಲ್ಲಿ ಪ್ರಕಟಿಸಿದ ಗ್ರಂಥ ಇಂದಿಗೂ ಆಧಾರವಾಗಿದೆ.

ಇನ್ನು ಹೂಗೊಂಚಲಿನ ಕಡೆ ತಿರುಗೋಣ. ಕೆಲವು ಮೊಗ್ಗುಗಳು ಅರಳದೆ ಉಬ್ಬಿ ನಿಲ್ಲುವುದುಂಟು. ಇವು ಕಾಯಿ ಕಟ್ಟುವುದಿಲ್ಲ. ಆದುದರಿಂದ ಹೊಂಗೆಯೆಣ್ಣೆಯನ್ನು ನೆಚ್ಚಿದವರಿಗೆ ಎಲೆಯ ಗುಳ್ಳೆಗಿಂತ ಇದೇ ನಿಜವಾದ ನಷ್ಟ. ಇದನ್ನು ಉಂಟುಮಾಡುವುದು ಸೊಳ್ಳೆಗಿಂತಲೂ ನವುರಾದ ಗಂಟುನೊಣ. ಅದಕ್ಕೆ ಅಸ್ಫಾಂಡಿಲಿಯಾ ಪೊಂಗಾಮಿಯೆ ಎಂದು ಹೆಸರಿಟ್ಟವರು ಪ್ರಸಿದ್ಧ ಕೀಟವಿಜ್ಞಾನಿ ಎಂ. ಎಸ್. ಮಣಿಯವರು.

ಗುರುತು ಹಿಡಿಯುವ ಬಗೆ ಸ್ವಾರಸ್ಯವಾಗಿದೆ. ಮರಿಹುಳುವಿಗೆ ಕಾಲುಗಳೇ ಇಲ್ಲ. ಬಲಿತ ಮರಿಯ ಎದೆಯ ಕೆಳಗೆ ಮಾತ್ರ ಕಂದುಬಣ್ಣದ, ತುದಿಯಲ್ಲಿ ಹಲ್ಲುಗಳುಳ್ಳ ಪುಟ್ಟ ಚಮಚದಂಥ ಅಂಗವೊಂದಿರುತ್ತದೆ; ಅದನ್ನು ಕಂಡರೆ ಗಂಟುನೊಣದ ಕುಟುಂಬವೆಂದು ನಿಸ್ಸಂಶಯವಾಗಿ ಹೇಳಬಹುದು. ಅಸ್ಫಾಂಡಿಲಿಯಾದ ಮರಿ ಗಂಟಿನೊಳಗೇ ಕೋಶಾವಸ್ಥೆಗೆ ಹೋಗುತ್ತದೆ. ಕೋಶದ ನೆತ್ತಿಯಲ್ಲಿ ಗಟ್ಟಿಯಾದ ಕೊಂಬುಗಳಿದ್ದು, ಅವುಗಳಿಂದ ಗೋಡೆ ಕೊರೆದು ಅರ್ಧ ಹೊರಬಂದ ಮೇಲೆ ನೊಣ ಹಾರಿಹೋಗುತ್ತದೆ. ಬರಿದಾದ ಪೊರೆ ರಂಧ್ರದಲ್ಲೇ ಸಿಕ್ಕಿಕೊಂಡಿರುತ್ತದೆ. ಭೂತಗನ್ನಡಿಯಿಂದಲೇ ಇದನ್ನು ನೋಡಬಹುದು. ಈ ಜಾತಿಯ ಅನೇಕ ಪ್ರಭೇದಗಳು ಗಂಟಿನೊಳಗೆ ಶಿಲೀಂಧ್ರವನ್ನು ಬೆಳೆಸಿ ಅದನ್ನೇ ತಿನ್ನುತ್ತವೆ. ನಮ್ಮ ಗೆದ್ದಲುಗಳಂತೆ ಇವೂ ಬೇಸಾಯಗಾರರೇ!

ಪ್ರೌಢ ನೊಣಗಳಾದರೋ ಒಂದನ್ನೊಂದು ಬಹಳ ಹೋಲುತ್ತವೆ. ಆದಕಾರಣ ಮರಿ, ಕೋಶ, ನೊಣ ಈ ಮೂರನ್ನೂ ಆಶ್ರಯ ನೀಡಿದ ಗಿಡವನ್ನೂ ಒಟ್ಟಿಗೆ ಪರಿಶೀಲಿಸದೆ ಪ್ರಭೇದವನ್ನು ನಿರ್ಣಯಿಸಲಾಗದು. ಇಲ್ಲೊಂದು ಮೋಸವೂ ಉಂಟು. ಸೀಸೆಯಲ್ಲಿಟ್ಟ ಗಂಟಿನಿಂದ ಮೊದಲು ಹೊರಬರುವುದು ಹೊಳೆಯುವ ಪುಟ್ಟ ಕಣಜವಾಗಿರಬಹುದು. ಅದು ಗಂಟನ್ನು ಮಾಡಿದ್ದಲ್ಲ. ಮಾಡಿದವನನ್ನು ತಿಂದು ಬೆಳೆದದ್ದು. ಎರಡು ರೆಕ್ಕೆಯಿದ್ದರೆ ನೊಣ, ನಾಲ್ಕಿದ್ದರೆ ಕಣಜ.

ಹೆಸರಿನ ಬಗ್ಗೆ ಇಷ್ಟೊಂದು ಜಿಗುಟುತನವೇಕೆ ಎನ್ನುವವರಿಗೆ ಭತ್ತದ ಕಣೆ ನೊಣವೇ ಉತ್ತರ. ಇದರ ಹಾವಳಿಗೆ ಸಿಕ್ಕಿದ ಪೈರಿನ ಸುಳಿ ಈರುಳ್ಳಿಯ ಎಲೆಯಂಥ ಬಿಳಿಚಿದ ಕೊಳವೆಯಾಗುತ್ತದೆ, ತೆನೆ ಬರುವುದಿಲ್ಲ. 1889ರಲ್ಲಿ ವುಡ್-ಮೇಸನ್ ಇದನ್ನು ವರ್ಣಿಸಿದರು. ಆಫ್ರಿಕದ ಭತ್ತದಲ್ಲಿರುವುದೂ ಇದೇ ಎಂದು ಬಹುಕಾಲ ನಂಬಲಾಗಿತ್ತು. 1982ರಲ್ಲಿ ಹ್ಯಾರಿಸ್ ಮತ್ತು ಗಾನ್ಯೆ ಅದು ಬೇರೆಯೇ ಪ್ರಭೇದವೆಂದು ತೋರಿಸಿಕೊಟ್ಟರು. ಒಂದನ್ನು ತಡೆದುಕೊಳ್ಳುವ ತಳಿ ಇನ್ನೊಂದನ್ನೂ ತಡೆದೀತೆಂದು ನಂಬುವ ಹಾಗಿಲ್ಲವೆಂಬುದು ಇದರಿಂದ ಸ್ಪಷ್ಟವಾಯಿತು.

ಗಂಟುನೊಣಗಳಲ್ಲಿ ಹೆಸರು ಪಡೆದ ಪ್ರಭೇದಗಳು 6,000ಕ್ಕೂ ಹೆಚ್ಚು. ಆದರೆ ಕೆನಡದ ಕೀಟಗಳ ಡಿ.ಎನ್.ಎ. ಪರೀಕ್ಷಿಸಿದವರು 2016ರಲ್ಲಿ ಮಾಡಿದ ಅಂದಾಜಿನಂತೆ ಜಗತ್ತಿನಲ್ಲಿ ಇವು 18 ಲಕ್ಷದಷ್ಟಿರಬಹುದು! ಅಂದಾಜು ಅತಿಯೆನಿಸಿದರೂ ಕೆಲಸ ಬೆಟ್ಟದಷ್ಟಿದೆ. ಆಸಕ್ತ ವಿದ್ಯಾರ್ಥಿಗಳು ಕೆಲವು ಉಬ್ಬಿದ ಮೊಗ್ಗುಗಳನ್ನು ಸೀಸೆಯಲ್ಲಿಟ್ಟು ಬಾಯಿಗೆ ತೆಳುಬಟ್ಟೆ ಕಟ್ಟಲಿ. ಉಳಿದವನ್ನು ಸೀಳಿ ಮರಿಗಳನ್ನು ಮದ್ಯಸಾರದಲ್ಲಿ ಕಾಪಾಡಲಿ. ಪ್ರತಿ ಸೀಸೆಗೂ ಗಿಡದ ಹೆಸರು, ಭಾಗ, ಊರು, ತಾರೀಖುಗಳನ್ನು ಪೆನ್ಸಿಲಿನಿಂದ ಬರೆದ ಚೀಟಿಯಿರಲಿ. ಶಾಯಿಯಾದರೆ ಮದ್ಯಸಾರದಲ್ಲಿ ಕರಗಿಹೋದೀತು.